ಅಕ್ಕನ ಹೆಬ್ಬೆಟ್ಟು

ನನಗಾಗ ಅರವತ್ತಾರು. ಅದಾಗಿ ಆರು ವರ್ಷವಾಯಿತು. ಚನ್ನಪಟ್ಟಣದಲ್ಲಿ ರೇಷ್ಮೆ ನೂಲು ತೆಗೆಯುವ ಕೆಲಸ ನನ್ನದು. ಬಿಸಿನೀರಿನಲ್ಲಿ ಗೂಡು ಕೆದಕಿ ಕೆದಕಿ ಬೆರಳಿನ ಗೆರೆಗಳೆಲ್ಲ ಸವೆದುಹೋಗಿದ್ದವು. ರೇಷನ್ ಅಂಗಡಿಗೆ ಹೆಬ್ಬೆಟ್ಟು ಒತ್ತುವ ಮಿಷನ್ ಬಂದಮೇಲೆ ಅದಕ್ಕೆ ನನ್ನ ಗುರುತೇ ಸಿಗಲಿಲ್ಲ. ಒಂದು ತಿಂಗಳು ಬಿಸಿನೀರಿಗೆ ಕೈ ಹಾಕಬೇಡ, ಗೆರೆ ಮೂಡುತ್ತವೆ ಎಂದ ಅಂಗಡಿಯವನು. ಕೈ ಹಾಕದೆ ತಿನ್ನುವುದೇನು?

ಕಾರ್ಡಿನಲ್ಲಿದ್ದದ್ದು ಇಬ್ಬರೇ, ನಾನು ಮತ್ತು ನನ್ನ ಗಂಡನ ಅಣ್ಣನ ಹೆಂಡತಿ. ಅವಳನ್ನು ಅಕ್ಕ ಅನ್ನುತ್ತಿದ್ದೆ. ಇಬ್ಬರೂ ಗಂಡ ಸತ್ತವರು. ಅಕ್ಕ ಕುರಿ ಕಾಯ್ದವಳು, ಅವಳ ಗೆರೆ ನೆಟ್ಟಗಿದ್ದವು. ಹಾಸಿಗೆ ಹಿಡಿದ ಮೇಲೂ ಅವಳನ್ನು ತಿಂಗಳಿಗೊಮ್ಮೆ ಲಗೇಜ್ ಆಟೋದಲ್ಲಿ ಮಲಗಿಸಿಕೊಂಡು ಅಂಗಡಿಗೆ ಹೋಗುತ್ತಿದ್ದೆ. ಇಲ್ಲದಿದ್ದರೆ ಅಕ್ಕಿ ಇಲ್ಲ.

"ನಾ ಸತ್ರೆ ಹೆಬ್ಬೆಟ್ಟು ಕುಯ್ದು ಉಪ್ಪಾಕಿ ಮಡೀಕಳೆ," ಅನ್ನುತ್ತಿದ್ದಳು. ನಾನು ನಗುತ್ತಿದ್ದೆ.

ಆ ಸಲ ಅಂಗಡಿಗೆ ಹೋಗುವಾಗ ರೈಲ್ವೆ ಗೇಟು ಹಾಕಿತ್ತು. ತೆಗೆಯುವಷ್ಟರಲ್ಲಿ ಅವಳ ಬಾಯಿ ತೆರೆದುಕೊಂಡು ಹಾಗೇ ಉಳಿಯಿತು. ಮೂಗಿನ ಹತ್ತಿರ ಕೈ ಹಿಡಿದೆ. ಏನೂ ತಿಳಿಯಲಿಲ್ಲ. ಸವೆದ ಚರ್ಮಕ್ಕೆ ಬಿಸಿ, ತಂಪು ಯಾವುದೂ ಗೊತ್ತಾಗುವುದಿಲ್ಲ. ಆಟೋದವನಿಗೆ ನಡೆಯಪ್ಪ ಎಂದೆ. ಆಸ್ಪತ್ರೆಗೆ ಎನ್ನಲಿಲ್ಲ.

ಅಂಗಡಿಯವನು ಮಿಷನ್ನನ್ನು ಆಟೋ ಹತ್ತಿರ ತಂದ.

"ನಿದ್ದೆ ಮಾಡ್ತಾವ್ಳೆ, ಎಬ್ಬಿಸ್ಬ್ಯಾಡ," ಎಂದೆ. ನಾನೇ ಅವಳ ಹೆಬ್ಬೆಟ್ಟು ಒರೆಸಿ ಒತ್ತಿದೆ. ಒಂದೇ ಸಲಕ್ಕೆ ಹಿಡಿಯಿತು.

ಅಕ್ಕಿ ಚೀಲವನ್ನು ಅವಳ ಕಾಲಬುಡದಲ್ಲಿಟ್ಟುಕೊಂಡು ಬಂದೆ. ಅದೇ ಅಕ್ಕಿಯನ್ನು ಅವಳ ಬಾಯಿಗೆ ಹಾಕಿ ಸಂಜೆಗೆ ಮಣ್ಣು ಮಾಡಿದೆವು. ಜೀವ ಯಾವಾಗ ಹೋಯಿತು ಎಂದು ಕೇಳಿದವರಿಗೆಲ್ಲ ಮನೆಗೆ ಬಂದಮೇಲೆ ಎಂದೆ. ಮಿಷನ್ನೂ ಬದುಕಿದ್ದಾಳೆಂದೇ ಅಕ್ಕಿ ಕೊಡಿಸಿತ್ತಲ್ಲ. ಇಂದಿಗೂ ಗೇಟಿನ ಮುಂದೆ ನಿಂತರೆ ಕೈಯನ್ನು ಸೆರಗಿನಲ್ಲಿ ಸುತ್ತಿಕೊಳ್ಳುತ್ತೇನೆ. ಬಿಸಿನೀರು ತಿಳಿಯದ ಈ ಬೆರಳುಗಳಿಗೆ ಆ ಹೆಬ್ಬೆಟ್ಟು ಮಾತ್ರ ತಿಳಿಯುತ್ತದೆ.

ಮಣ್ಣು ಮಾಡಿದ ಮಾರನೆಯ ಬೆಳಿಗ್ಗೆ ಸೂತಕದಲ್ಲೇ ಅಂಗಡಿಗೆ ಹೋಗಿದ್ದೆ. ಸಾಲಿನಲ್ಲಿದ್ದ ಹೆಂಗಸರು ಮೈಲಿಗೆಯೆಂದು ದೂರ ಸರಿದು ದಾರಿ ಬಿಟ್ಟರು. ಕಾರ್ಡಿನಿಂದ ಅಕ್ಕನ ಹೆಸರು ತೆಗೆದುಹಾಕು ಎಂದೆ ಅಂಗಡಿಯವನಿಗೆ.

"ಅದ್ಕೆ ತಾಲ್ಲೂಕಾಪೀಸ್ಗೆ ಹೋಗ್ಬೇಕು. ನಿಂದು ಹಿಡಿಯಾಕಿಲ್ಲ. ಮುಂದ್ಲ ತಿಂಗ್ಳು ಏನ್ಮಾಡೀಯಜ್ಜಿ?"

ಮೊದಲೆಲ್ಲ ಹಿಡಿಯುತ್ತದೇನೋ ಎಂದು ನನ್ನ ಬೆರಳು ಹಿಡಿದು ಒತ್ತಿಸಿ ನೋಡುತ್ತಿದ್ದವನು ಅವತ್ತು ಮುಟ್ಟಲಿಲ್ಲ. ಹೆಬ್ಬೆಟ್ಟನ್ನು ಸೀರೆಗೆ ಒರೆಸಿ ನಾನೇ ಮಿಷನ್ನಿನ ಮೇಲಿಟ್ಟೆ.