ಪ್ಲೈವುಡ್ ಗೋಡೆಯೊಳಗಿನ ದೀಪದ ಮಾಡ

ಮುಂಬೈಗೆ ಹೋಗಿಬಂದ ಖರ್ಚು ಇಬ್ಬರಿಗೂ ಸೇರಿ ಸಾವಿರದ ಇನ್ನೂರು ರೂಪಾಯಿ. ರೈಲು, ಊಟ, ಚಹಾ ಎಲ್ಲಾ ಅದರಲ್ಲೇ. ಲಾಡ್ಜಿಗೆ ಪೈಸೆ ಕೊಡಲಿಲ್ಲ. ನಮ್ಮ ಗೌಂಡಿ ದಸ್ತಗೀರ ಕಾಕಾನ ಮಗಳು ಕುರ್ಲಾದಲ್ಲಿದ್ದಳು, ಅವಳ ಮನೆಯಲ್ಲೇ ಉಳಿದೆವು. ಕೊಂಡು ತಂದದ್ದು ಏನೂ ಇಲ್ಲ, ಕೊಳ್ಳಲು ಹೋಗಿರಲೂ ಇಲ್ಲ. ಸವದತ್ತಿಯಲ್ಲಿ ಕಟ್ಟಿಸುತ್ತಿದ್ದ ಹೊಸ ಮನೆಯ ಒಳಗು ಹೇಗಿರಬೇಕೆಂದು ಅಲ್ಲಿನ ದೊಡ್ಡ ಶೋರೂಮುಗಳಲ್ಲಿ ನೋಡಿ, ಅಳತೆ ಕದ್ದು ತಂದು, ಊರಲ್ಲೇ ಕಾಲುಭಾಗ ಖರ್ಚಿನಲ್ಲಿ ಮಾಡಿಸುವುದು ನನ್ನ ಉಪಾಯ. ನೋಡುವುದಕ್ಕೆ ಯಾರೂ ದುಡ್ಡು ಕೇಳುವುದಿಲ್ಲ. ಕಟ್ಟುವ ಗೌಂಡಿಯನ್ನೇ ಜೊತೆಗೆ ಕರೆದೊಯ್ದರೆ ನೋಡಿದ್ದು ಮರೆತೂ ಹೋಗುವುದಿಲ್ಲ.

ಮೊದಲೇ ಹೇಳಿಬಿಡುತ್ತೇನೆ, ದೆವ್ವ, ಶಕುನ, ಮೈಮೇಲೆ ಬರುವುದು ಇವುಗಳನ್ನು ನಾನು ನಂಬಿದವಳಲ್ಲ. ತಲೆಯ ಮೇಲೆ ರವಿಕೆ ಖಣದ ಗಂಟು ಹೊತ್ತು ಹಳ್ಳಿ ಹಳ್ಳಿ ತಿರುಗಿ, ಆಮೇಲೆ ಉಗರಗೋಳದಲ್ಲಿ ತಟ್ಟು ಹಾಸಿಕೊಂಡು ಕೂತು, ಕೊನೆಗೆ ಸವದತ್ತಿ ಬಜಾರಿನಲ್ಲಿ ಅಂಗಡಿ ಮಾಡಿದವಳು ನಾನು. ದೇವಿಯ ಗುಡ್ಡಕ್ಕೆ ಬರುವವರಲ್ಲಿ ಮೈದುಂಬಿದವರಿಗೂ ಖಣ ಮಾರಿದ್ದೇನೆ. ಆ ಆವೇಶದಲ್ಲೂ ಎರಡು ರೂಪಾಯಿ ಕಡಿಮೆ ಮಾಡು ಎನ್ನುವುದನ್ನು ಅವರಲ್ಲಿ ಒಬ್ಬರೂ ಮರೆತದ್ದು ನಾನು ಕಂಡಿಲ್ಲ. ಅಂಥವಳಿಗೆ ಇದು ಆಯಿತು.

ಹೊಸ ಮನೆಯಲ್ಲಿ ಎಲ್ಲರಿಗೂ ಏನೇನೋ ಬೇಕಾಗಿತ್ತು. ನಮ್ಮ ಮನೆಯವರಿಗೆ ಟೀವಿ ಇಡುವ ಶೋಕೇಸು, ನನಗೆ ಮೇಲ್ಗಡೆ ಕಮಾನು. ನಮ್ಮ ಜೊತೆಗೇ ಇದ್ದ ನನ್ನ ಅವ್ವ ಕೇಳಿದ್ದು ಒಂದೇ, ದೀಪದ ಮಾಡ. ಗೋಡೆಯೊಳಗೆ ದೀಪ ಇಡುವ ಗೂಡಿಗೆ ನಮ್ಮ ಕಡೆ ಹಾಗೆನ್ನುತ್ತಾರೆ. ನಾನು ಶಾಲೆಯ ಮೂರನೇ ಇಯತ್ತೆಯಲ್ಲಿದ್ದಾಗ ನಮ್ಮ ಊರು ಮಲಪ್ರಭೆಯ ಆಣೆಕಟ್ಟಿನ ಹಿನ್ನೀರಿಗೆ ಹೋಯಿತು. ಅಲ್ಲಿ ನಮ್ಮದು ಮಣ್ಣಿನ ಮಾಳಿಗೆಯ ಮನೆ, ಎರಡು ಮಾರು ದೂರದಿಂದಲೂ ತಂಪು ತಾಗುವಂಥ ದಪ್ಪ ಗೋಡೆ. ಆ ಗೋಡೆಯ ಮಾಡದಲ್ಲಿ ಅವ್ವ ದಿನಾ ಸಂಜೆ ದೀಪ ಇಡುತ್ತಿದ್ದಳು. ಮುಂದೆ ಮೂವತ್ತು ವರ್ಷ ಬಾಡಿಗೆ ಮನೆಗಳಲ್ಲಿ ಮಣೆಯ ಮೇಲೆ ಇಟ್ಟಳು. ಬೇಸಿಗೆಯಲ್ಲಿ ನೀರು ಇಳಿದಾಗ ಊರಿನ ಕಲ್ಲುಗಳು ಕಾಣುತ್ತವೆ, ನಿಜ. ಆದರೆ ಮಣ್ಣಿನ ಗೋಡೆ ಕರಗಿದ್ದು ಕರಗಿತು. ಒಂದು ಫೋಟೋ ಕೂಡ ಇಲ್ಲ.

ಆ ಹೊತ್ತಿಗೆ ಅವ್ವನಿಗೆ ಕಣ್ಣು ಪೂರಾ ಹೋಗಿದ್ದವು. ಕಾಕಾ ಗೋಡೆಯಲ್ಲಿ ಮಾಡ ಬಿಟ್ಟು ಅವಳನ್ನು ಕರೆದುಕೊಂಡು ಬನ್ನಿ ಎಂದ. ಅವ್ವ ಕೈ ಹಾಕಿ ತಡವಿ ನೋಡಿದಳು.

"ಇದಲ್ಲ" ಎಂದಳು.

ಒಡೆದು ಮತ್ತೆ ಮಾಡಿದ. ಮತ್ತೆ ತಡವಿದಳು. "ಇದೂ ಅಲ್ಲ. ದಸ್ತಗೀರಾ, ಇದ ಪಾರಿವಾಳದ ಗೂಡ ಆತಪ್ಪ."

"ಯವ್ವಾ, ಎಷ್ಟಿತ್ತು ಹೇಳ್ರಿ. ಗೇಣ ಹೇಳ್ರಿ, ಮೊಳ ಹೇಳ್ರಿ, ಹಂಗ ಮಾಡತೇನಿ."

"ದೀಪಾ ಹಿಡಿಸೂವಷ್ಟ ಇತ್ತು."

ಅಷ್ಟೇ ಅವಳಿಗೆ ಹೇಳಲು ಬರುತ್ತಿದ್ದದ್ದು. ಅಳತೆ ಅವಳ ಕೈಗೆ ಗೊತ್ತಿತ್ತು, ಬಾಯಿಗೆ ಗೊತ್ತಿರಲಿಲ್ಲ. ನನಗೋ, ಮಾಡ ಇತ್ತು ಎಂಬುದು ಬಿಟ್ಟರೆ ಏನೂ ನೆನಪಿಲ್ಲ. "ನೀವ ಹೋಗ್ರಿ ಹೊಸಾ ಮನಿಗಿ. ಮಾಡಾ ಸರಿ ಆದಮ್ಯಾಲ ನಾ ಬರತೇನಿ" ಎಂದು ಅವ್ವ ಬಾಡಿಗೆ ಮನೆಯಲ್ಲೇ ಕೂತುಬಿಟ್ಟಳು. ಅವಳನ್ನು ಬಿಟ್ಟು ಗೃಹಪ್ರವೇಶ ಮಾಡುವುದು ನನ್ನಿಂದಾಗದ ಮಾತು. ಅವಳ ಕಾಲಿಗೆ ಆಗಲೇ ಬಾವು ಬರತೊಡಗಿತ್ತು. ಎಷ್ಟು ದಿನ ಇರುತ್ತಾಳೋ ಎಂಬ ಹೆದರಿಕೆ ನನಗೆ. ಮಾಡದ ಕೆಲಸ ಹಾಗೇ ಉಳಿಸಿ, ಉಳಿದದ್ದನ್ನಾದರೂ ಮುಗಿಸೋಣ ಎಂದು ಮುಂಬೈಗೆ ಹೊರಟೆವು. ಎರಡು ಸಾವಿರದ ಇಸವಿ ಆಗಷ್ಟೇ ದಾಟಿತ್ತು.

ಶೋರೂಮಿನಲ್ಲಿ ಟೇಪು ಬಿಚ್ಚಿದರೆ ಅವರಿಗೆ ಸಂಶಯ ಬರುತ್ತದೆ. ಅದಕ್ಕೆ ನಾನು ಖಣದ ಗಂಟು ಕಟ್ಟುವ ಬಿಳಿ ದಾರ ಒಯ್ದಿದ್ದೆ. ಒಂದೊಂದು ವಸ್ತುವಿಗೆ ಒಂದೊಂದು ತುಂಡು. ತುದಿಯಿಂದ ಒಂಟಿ ಗಂಟಿನವರೆಗೆ ಅಗಲ, ಜೋಡಿ ಗಂಟಿನವರೆಗೆ ಎತ್ತರ, ಮೂರು ಗಂಟಿನವರೆಗೆ ಆಳ. ಮುಷ್ಟಿಯಲ್ಲಿ ಮುಚ್ಚಿಕೊಂಡರೆ ಯಾರಿಗೂ ಕಾಣುವುದಿಲ್ಲ.

ಎರಡನೇ ದಿನ ಹೋದ ಶೋರೂಮು ನಾಲ್ಕು ಅಂತಸ್ತಿನದು. ಮೂರನೇ ಅಂತಸ್ತಿನಲ್ಲಿ ಸಾಲಾಗಿ ಕೋಣೆಗಳನ್ನೇ ಮಾಡಿ ಇಟ್ಟಿದ್ದರು. ಒಂದು ಮಲಗುವ ಕೋಣೆ, ಒಂದು ಮಕ್ಕಳ ಕೋಣೆ, ಹೀಗೆ. ಮಧ್ಯಾಹ್ನದ ಎರಡು ಗಂಟೆ, ಮಾರುವವರು ಊಟಕ್ಕೆ ಹೋಗಿದ್ದರು. ಕಾಕಾ ಆಚೆ ತುದಿಯಲ್ಲಿ ಒಂದು ಕಮಾನನ್ನು ಬೆರಳಿನಿಂದ ತಟ್ಟಿ ತಟ್ಟಿ ನೋಡುತ್ತಿದ್ದ. ನಾನು ಮಕ್ಕಳ ಕೋಣೆ ನೋಡಿ ಹೊರಬಂದು ಪಕ್ಕದ ಕೋಣೆಗೆ ಹೋದೆ. ಬಾಗಿಲು ಕುಳ್ಳಾಗಿತ್ತು, ತಲೆ ಬಗ್ಗಿಸಬೇಕಾಯಿತು.

ಒಳಗೆ ತಂಪಿತ್ತು. ಸಾರಿಸಿದ ನೆಲದ ವಾಸನೆ, ಕುಸುಬಿ ಎಣ್ಣೆಯ ವಾಸನೆ. ಎದುರಿನ ಗೋಡೆಯಲ್ಲಿ ದೀಪದ ಮಾಡ. ಅದರ ನೆತ್ತಿಗೆ ಮಸಿ ಹಿಡಿದಿತ್ತು. ಪಕ್ಕದಲ್ಲಿ ದಿನಾ ಎಣ್ಣೆಗೈ ಒರೆಸಿದಂತೆ ಗೋಡೆ ಮೂರು ಬೆರಳಿನಗಲ ಕಪ್ಪಾಗಿತ್ತು. ನನಗೆ ಹೆದರಿಕೆ ಆಗಲಿಲ್ಲ, ಸತ್ಯವಾಗಿ ಹೇಳುತ್ತೇನೆ. ಶ್ರೀಮಂತರಿಗೆ ಹಳ್ಳಿ ಮನೆಯ ಶೋಕಿ ಹತ್ತಿದೆ, ಎಷ್ಟು ಚೆಂದ ನಕಲು ಮಾಡಿದ್ದಾರೆ ಎಂದುಕೊಂಡು ಮೊದಲು ಬೆಲೆಯ ಚೀಟಿ ಹುಡುಕಿದೆ. ಇರಲಿಲ್ಲ. ದಾರ ತೆಗೆದು ಅಗಲ ಅಳೆದೆ, ಎತ್ತರ ಅಳೆದೆ, ಆಳ ನೋಡಲು ಕೈ ಒಳಗೆ ಹಾಕಿದೆ. ಕೈ ಹೋಗುತ್ತಲೇ ಇತ್ತು. ಮೊಳಕ್ಕೆ ನಾಲ್ಕು ಬೆರಳು ಕಡಿಮೆ ಇರುವಾಗ ಹಿಂದಿನ ಗೋಡೆ ತಾಗಿತು. ಮೂರನೇ ಗಂಟು ಬಿಗಿಯುತ್ತಿದ್ದಾಗ ಒಳಕೋಣೆಯಿಂದ ಕೇಳಿತು:

"ಸಾಲಿ ಬಿಟ್ಟತೇನ?"

ಅವ್ವನ ದನಿ. ಈಗಿನ ನಡುಗುವ ದನಿ ಅಲ್ಲ, ಕೊಡ ಹೊತ್ತು ಹಾಡುತ್ತ ಬರುತ್ತಿದ್ದ ಕಾಲದ್ದು. ಬಾಯಿ ತೆರೆದೆ. ಅಷ್ಟರಲ್ಲಿ ಹಿಂದಿನಿಂದ ಕಾಕಾ, "ಯವ್ವಾ, ಎಲ್ಲಿ ಅದೀರಿ? ಮಂದಿ ಬಂದ್ರು, ದಾರಾ ಮುಚ್ಚರಿ" ಎಂದು ನನ್ನನ್ನು ಕೂಗಿದ. ಸಿಕ್ಕಿಬಿದ್ದ ಕಳ್ಳಿಯಂತೆ ದಾರ ಮುಷ್ಟಿಯಲ್ಲಿ ಮುಚ್ಚಿಕೊಂಡು ಹೊರಗೆ ಬಂದುಬಿಟ್ಟೆ.

ಬಂದವನು ಮಾರುವವನು. ಅವನನ್ನು ಮಾತಾಡಿಸಿ ಕಳಿಸಿ, ಕಾಕಾನಿಗೆ ತೋರಿಸೋಣವೆಂದು ತಿರುಗಿದರೆ ಮಕ್ಕಳ ಕೋಣೆಯ ಪಕ್ಕದಲ್ಲಿ ಮಲಗುವ ಕೋಣೆ. ನಡುವೆ ಬಾಗಿಲೂ ಇಲ್ಲ, ಕೋಣೆಯೂ ಇಲ್ಲ. ನಾಲ್ಕು ಸಲ ಆ ಸಾಲು ತಿರುಗಿ, ಇಲ್ಲೇ ಒಂದು ಮಾಡ ಇತ್ತು ಎಂದೆ. ಕಾಕಾ ನನ್ನ ಕೈಯಿಂದ ದಾರ ತೆಗೆದುಕೊಂಡು ಉದ್ದಕ್ಕೆ ಹಿಡಿದು ನೋಡಿದ, ಗೋಡೆಗೆ ಗೆಣ್ಣಿನಿಂದ ಬಡಿದ. ಟೊಳ್ಳು ಸದ್ದು ಬಂತು.

"ಇವೆಲ್ಲಾ ಪ್ಲೈವುಡ್ ಗ್ವಾಡಿ ಯವ್ವಾ, ಎರಡ ಬೆರಳ ದಪ್ಪ ಇಲ್ಲ. ಇದರಾಗ ಇಷ್ಟ ಆಳದ ಮಾಡಾ ಎಲ್ಲಿಂದ ಬರಬೇಕು? ಮುಂಜಾನಿಂದ ಏನೂ ತಿಂದಿಲ್ಲ ನೀವು. ನಡೀರಿ, ವಡಾ ಪಾವ್ ಕೊಡಸತೇನಿ."

ಅವನೇ ದುಡ್ಡು ಕೊಟ್ಟು ಕೊಡಿಸಿದ. ನನ್ನ ಮುಖ ಹೇಗಿತ್ತೋ, ಚೌಕಾಶಿ ಮಾಡದೆ ತಿಂದೆ. ಮಾಡದ ವಿಷಯ ಹೇಳಿದ್ದೆ, ದನಿಯ ವಿಷಯ ಹೇಳಲಿಲ್ಲ. ಹೇಳಿದ್ದರೆ ಊರಿಗೆ ಬಂದ ಮೇಲೆ ನನ್ನ ಹೆಸರಿನಲ್ಲೇ ಗುಡ್ಡಕ್ಕೆ ಖಣ ಏರಿಸಬೇಕಾಗುತ್ತಿತ್ತು.

ಊರಿಗೆ ಬಂದು ಆ ದಾರದ ಅಳತೆಗೆ ಮಾಡ ಮಾಡಿಸಿದೆ. ನಮ್ಮ ಇಟ್ಟಂಗಿ ಗೋಡೆ ಒಂಬತ್ತು ಇಂಚು, ಮಾಡದ ಆಳ ಅದಕ್ಕಿಂತ ಹೆಚ್ಚು. ಕಾಕಾ ಗೊಣಗುತ್ತಲೇ ಆ ಒಂದು ಜಾಗದಲ್ಲಿ ಕಂಬದಂತೆ ಗೋಡೆಯನ್ನು ದಪ್ಪ ಮಾಡಿದ. ಪಡಸಾಲೆಯ ಅಂದ ಕೆಟ್ಟಿತು ಎಂದು ನೋಡಿದವರೆಲ್ಲ ಹೇಳಿದರು. ಹೇಳಲಿ.

ಅವ್ವನನ್ನು ರಿಕ್ಷಾದಲ್ಲಿ ಕರೆತಂದು ನಿಲ್ಲಿಸಿದೆ. ಕೈ ಹಾಕಿದಳು. ಬೆರಳು ಹಿಂದಿನ ಗೋಡೆಗೆ ತಾಗಿದಾಗ ಅವಳ ಭುಜ ಇಳಿದದ್ದನ್ನು ನೋಡಿದೆ. ಬಹಳ ಹೊತ್ತು ಕೈ ತೆಗೆಯಲೇ ಇಲ್ಲ. ಕಾಕಾ ತಡೆಯಲಾರದೆ, "ಯವ್ವಾ, ಇದೂ ಒಡೀಲೇನ ಮತ್ತ?" ಎಂದ.

"ಕೈ ಮುರಿದೀತು ನಿಂದು! ಇದ ಐತಿ. ಇದ." ಆಮೇಲೆ ನಾನಿದ್ದ ಕಡೆ ಮುಖ ತಿರುಗಿಸಿ ಹೇಳಿದಳು, "ಅಲ್ಲ ಮಗಳ, ಸಾಲಿ ಬಿಟ್ಟತೇನ ಅಂತ ಕೇಳಿದ್ರ, ಒಂದ ಮಾತ ಆಡಲಾರದ ಹೋದ್ಯಲ್ಲ?"

ನಾನು ಅವಳ ಹತ್ತಿರ ಸರಿದೆ. "ಯಾವತ್ತ ಬೇ?"

"ಯಾವತ್ತಂದ್ರ? ಮಾಡದಾಗ ಕೈ ಹಾಕ್ಕೊಂಡ ನಿಂತಿದ್ದಿ ನೋಡ, ಅವತ್ತ. ನಾ ರೊಟ್ಟಿ ಹಾಕಿಟ್ಟ ಕಾದ್ನಿ."

ಮುಂದೆ ಎಷ್ಟು ಕೇಳಿದರೂ ಅವಳು ಹೇಳಿದ್ದು ಅಷ್ಟೇ. ಮುದುಕಿಗೆ ಹಳೆಯದು ಏನೋ ನೆನಪಾಗಿರಬೇಕು ಎಂದು ನಮ್ಮ ಮನೆಯವರು ಅಂದರು. ಇರಬಹುದು. ನಾನು ಸಾಲಿಯಿಂದ ಬಂದು ಯಾವತ್ತೋ ಮಾಡಕ್ಕೆ ಕೈ ಹಾಕಿರಬಹುದು, ಆ ಅಳತೆ ನನ್ನ ಕೈಯಲ್ಲೇ ಅಡಗಿ ಕೂತು, ಹಸಿದ ಹೊಟ್ಟೆಯ ಮಧ್ಯಾಹ್ನ ಹೊರಬಂದಿರಬಹುದು. ವ್ಯಾಪಾರದವಳು ನಾನು, ಇಂಥ ಮಾತನ್ನು ಒಪ್ಪಲು ತಯಾರಿದ್ದೇನೆ. ಆದರೆ ಮೂರನೇ ಇಯತ್ತೆಯ ಹುಡುಗಿಗೆ ಆ ಮಾಡ ಎಟುಕುತ್ತಿರಲಿಲ್ಲ. ಅವ್ವನೇ ಹಿಮ್ಮಡಿ ಎತ್ತಿ ದೀಪ ಇಡುತ್ತಿದ್ದಳು, ಇದೊಂದು ನನಗೆ ಚೆನ್ನಾಗಿ ನೆನಪಿದೆ. ಲೆಕ್ಕ ಅಲ್ಲಿಗೆ ಬಂದು ನಿಲ್ಲುತ್ತದೆ. ಇವತ್ತಿಗೂ ಮುಂದೆ ಹೋಗಿಲ್ಲ.

ಅವ್ವ ಆ ಮಾಡದಲ್ಲಿ ಹದಿನಾಲ್ಕು ತಿಂಗಳು ದೀಪ ಇಟ್ಟಳು. ಈಗ ನಾನು ಇಡುತ್ತೇನೆ. ಪಕ್ಕದ ಗೋಡೆ ಮೂರು ಬೆರಳಿನಗಲ ಕಪ್ಪಾಗಿದೆ, ಬಣ್ಣ ಹಚ್ಚುವವರಿಗೆ ಅಷ್ಟು ಜಾಗ ಬಿಡಿ ಎಂದು ಹೇಳಿದ್ದೇನೆ. ಮನೆಯಲ್ಲಿ ಯಾರೂ ಇಲ್ಲದಾಗ, ಹಣತೆ ಒಳಗೆ ಸರಿಸುತ್ತ, "ಬಿಟ್ಟತ ಬೇ, ಬಂದ್ನಿ" ಎನ್ನುತ್ತೇನೆ. ಒಳಗಿನಿಂದ ಏನೂ ಕೇಳುವುದಿಲ್ಲ.

ನೀವೂ ಮನೆ ಕಟ್ಟಿಸುತ್ತಿದ್ದರೆ ದೊಡ್ಡ ಊರಿಗೆ ಹೋಗಿ ನೋಡಿ ಬನ್ನಿ, ಬೇಡ ಎನ್ನುವುದಿಲ್ಲ. ಗೌಂಡಿಯನ್ನು ಕರೆದುಕೊಂಡು ಹೋಗಿ, ಮಧ್ಯಾಹ್ನ ಎರಡಕ್ಕೆ ಹೋಗಿ, ಟೇಪು ಬಿಟ್ಟು ದಾರ ಒಯ್ಯಿರಿ. ಆದರೆ ಅದಕ್ಕೂ ಮೊದಲು, ನಿಮ್ಮ ತವರುಮನೆ ಇನ್ನೂ ನಿಂತಿದ್ದರೆ, ಅದೇ ದಾರ ಹಿಡಿದು ಅಲ್ಲಿಗೆ ಹೋಗಿ. ಮಾಡ, ಹೊಸ್ತಿಲು, ಒಲೆಯ ಕಟ್ಟೆ, ಎಲ್ಲ ಅಳೆದು ಗಂಟು ಹಾಕಿಟ್ಟುಕೊಳ್ಳಿ, ಖರ್ಚೇನೂ ಇಲ್ಲ. ಅಳೆಯುವಾಗ ಒಳಗಿನಿಂದ ಯಾರಾದರೂ ಏನಾದರೂ ಕೇಳಿದರೆ ಮೊದಲು ಉತ್ತರ ಕೊಡಿ. ಗಂಟು ಆಮೇಲೆ ಹಾಕಿದರಾಯಿತು.