ಕ್ಯಾಪ್ಟನ್ ಮೀಡನ ಬಾಗಿಲಲ್ಲಿ ನಿಂತವಳು

ಅಪ್ಪಾಸಾಹೇಬ ಪಾಟೀಲರು ವಿಜಯಪುರದ ಕಡೆಯವರು. ಅಜ್ಜನ ಹಳೆಯ ಮರಾಠಿ ಮೋಡಿ ಲಿಪಿಯ ಕಾಗದಗಳನ್ನು ಓದಿ ಬೆಳೆದಿದ್ದರಿಂದ ಯಾರ ಕೈಬರಹವೂ ಅವರಿಗೆ ಕಷ್ಟವೆನಿಸುತ್ತಿರಲಿಲ್ಲ. 2021ರಲ್ಲಿ ಸೊರೆಂಟೊ ವ್ಯಾಲಿಯ ಚಿಪ್ ಕಂಪನಿಯಿಂದ ನಿವೃತ್ತರಾದ ಮೇಲೆ, ಸ್ಯಾನ್ ಡಿಯಾಗೋದ ಒಂದು ಸಣ್ಣ ಇತಿಹಾಸ ಸಂಘಕ್ಕೆ ಹಳೆಯ ಡೈರಿಗಳನ್ನು ಟೈಪ್ ಮಾಡಿಕೊಡಲು ಒಪ್ಪಿಕೊಂಡರು.

ಡೈರಿಗಳು ಕ್ಯಾಪ್ಟನ್ ಹಾರ್ಲನ್ ಮೀಡ್ ಎಂಬವನವು. ಹತ್ತೊಂಬತ್ತನೇ ಶತಮಾನದಲ್ಲಿ ಲಾಸ್ ಏಂಜಲೀಸಿನಲ್ಲಿ ವಕೀಲಿ ಮಾಡಿದವನು, ಅಂತರ್ಯುದ್ಧದಲ್ಲಿ ದಂಡಿನೊಂದಿಗೆ ಅರಿಜೋನಾದ ಮರಳುಗಾಡು ದಾಟಿದವನು, ಆಮೇಲೆ ರಾಜ್ಯದ ಸೆನೆಟ್ಟಿಗೆ ಎರಡು ಸಲ ಗೆದ್ದವನು. ದಾವೆ, ಕವಾಯತು, ಭಾಷಣ ಎಲ್ಲವನ್ನೂ ಅಚ್ಚುಕಟ್ಟಾಗಿ ಬರೆದಿದ್ದ. ಆದರೆ ನಡುನಡುವೆ ಒಂದೇ ಸಾಲು ಸುಳಿಯುತ್ತಿತ್ತು: 'ಇವತ್ತೂ ಆಕೆ ನಿಂತಿದ್ದಳು.' ಆಫೀಸಿನ ಬಾಗಿಲಲ್ಲಿ, ಡೇರೆಯ ಹೊರಗೆ, ಕೊನೆಗೆ ಸೆನೆಟ್ಟಿನ ಮೆಟ್ಟಿಲ ಮೇಲೂ. ಯಾರೆಂದು ಮೂವತ್ತು ವರ್ಷಗಳಲ್ಲಿ ಒಮ್ಮೆಯೂ ಬರೆದಿರಲಿಲ್ಲ.

ಅದನ್ನು ತಿಳಿಯದೆ ಪಾಟೀಲರಿಗೆ ಊಟ ಸೇರದಾಯಿತು. ಲಾಸ್ ಏಂಜಲೀಸಿಗೆ ನಾಲ್ಕು ಸಲ ಡ್ರೈವ್ ಮಾಡಿಕೊಂಡು ಹೋಗಿ ಕೋರ್ಟಿನ ಹಳೆಯ ಕಡತಗಳನ್ನು ತಿರುವಿದರು. ಕೊನೆಗೆ 1858ರ ಒಂದು ಕರಾರುಪತ್ರ ಸಿಕ್ಕಿತು. ಮೂಲನಿವಾಸಿಗಳ ಮಕ್ಕಳನ್ನು ದುಡಿಮೆಗೆ ಒಪ್ಪಿಸಲು ಆಗ ಕಾನೂನೇ ಇತ್ತು. ಆನಾ ಎಂಬ ಏಳು ವರ್ಷದ ಹುಡುಗಿಯನ್ನು ಹದಿನೈದು ತುಂಬುವವರೆಗೆ ಒಬ್ಬ ಜಮೀನ್ದಾರನಿಗೆ ಒಪ್ಪಿಸಿದ ಪತ್ರ. ಬರೆದವನು ಮೀಡ್. ಅಂಚಿನಲ್ಲಿ ಅವನದೇ ಕೈಯಲ್ಲಿ, 'ತಾಯಿ ಒಪ್ಪಲಿಲ್ಲ, ಹೊರಗೆ ನಿಂತಿದ್ದಾಳೆ' ಎಂದಿತ್ತು. ಕೆಳಗೆ ಬೇರೆ ಶಾಯಿಯಲ್ಲಿ, ಹುಡುಗಿ ಆ ಚಳಿಗಾಲದಲ್ಲೇ ತೀರಿಕೊಂಡಳೆಂದು.

ಆಮೇಲೆ ಪಾಟೀಲರಿಗೂ ಶುರುವಾಯಿತು. ಕರ್ನಿ ಮೆಸಾದಲ್ಲಿ ತರಕಾರಿ ಕೊಳ್ಳುವಾಗ, ಪೊವೇಯಲ್ಲಿರುವ ತಮ್ಮ ಮನೆಯ ಮುಂದೆ ಕಾರು ನಿಲ್ಲಿಸುವಾಗ, ಕಣ್ಣಂಚಿನಲ್ಲಿ ಯಾರೋ ನಿಂತಂತಾಗುತ್ತಿತ್ತು. ತಿರುಗಿದರೆ ಬರೀ ಬಿಸಿಲು. ಡೈರಿ ವಾಪಸ್ ಕೊಟ್ಟುಬಿಡಿ ಎಂದು ಮಗಳು ಮೇಧಾ ಇಂಗ್ಲಿಷಿನಲ್ಲಿ ಒತ್ತಾಯಿಸಿದಳು.

"ಕೊಟ್ರ ಆಕಿ ಹೋಗ್ತಾಳೇನವಾ? ಅಂವಾ ಯುದ್ಧಕ್ಕ ಹೋದ್ರೂ ಬಿಡಲಿಲ್ಲ ಆಕಿ," ಅಂದರು ಪಾಟೀಲರು.

ಸಂಘದವರು ಪ್ರದರ್ಶನಕ್ಕಾಗಿ ಮೀಡನ ಒಂದು ಪುಟದ ಜೀವನಚರಿತ್ರೆ ಕೇಳಿದ್ದರು. ವಕೀಲಿ, ಯುದ್ಧ, ಸೆನೆಟ್ ಎಲ್ಲವನ್ನೂ ಅರ್ಧ ಪುಟದಲ್ಲಿ ಮುಗಿಸಿ, ಉಳಿದರ್ಧವನ್ನು ಪಾಟೀಲರು ಆ ತಾಯಿಮಗಳಿಗೆ ಕೊಟ್ಟರು. ಮೀಡನ ವಂಶದವರು ಬೇಜಾರು ಮಾಡಿಕೊಳ್ಳುತ್ತಾರೆ, ಅಷ್ಟನ್ನು ತೆಗೆಯಿರಿ ಎಂದು ಅಧ್ಯಕ್ಷೆ ನಯವಾಗಿ ಹೇಳಿದರು. ಹಾಗಾದರೆ ಪುಟವೇ ಬೇಡ ಎಂದು ಇವರು ಎದ್ದು ಬಂದರು. ಪ್ರದರ್ಶನ ಅದಿಲ್ಲದೆಯೇ ನಡೆಯಿತು.

ಆ ಪುಟವನ್ನು ಅವರು, ಕರಾರುಪತ್ರದಲ್ಲಿ ನಮೂದಾಗಿದ್ದ ಹುಡುಗಿಯ ಬುಡಕಟ್ಟಿನ ಕಚೇರಿಗೆ ಕಳಿಸಿದರು. ಮೂರು ತಿಂಗಳ ಮೇಲೆ ಅಲ್ಲಿಯ ಒಬ್ಬ ಅಜ್ಜಿಯ ಉತ್ತರ ಬಂತು. ಅಂಚೆ ಡಬ್ಬಿಯ ಪಕ್ಕದಲ್ಲೇ ನಿಂತು ಓದಿದರು. ಕಾಗದ ಕಳಿಸಿದ್ದು ಒಳ್ಳೆಯದಾಯಿತು ಎಂದಿದ್ದಳು ಅಜ್ಜಿ. ಆನಾ ಎಂಬುದು ಹಿಡಿದುಕೊಂಡು ಹೋದವರು ಇಟ್ಟ ಹೆಸರೆಂದೂ, ಹೆತ್ತವಳು ಏನೆಂದು ಕರೆಯುತ್ತಿದ್ದಳೋ ತಮ್ಮಲ್ಲೂ ಯಾರಿಗೂ ಗೊತ್ತಿಲ್ಲವೆಂದೂ ಬರೆದಿದ್ದಳು.

ಬಹಳ ಹೊತ್ತು ಪಾಟೀಲರು ಒಳಗೆ ಬರಲಿಲ್ಲ. ಮೇಧಾ ಹೋಗಿ ತೋಳು ಹಿಡಿದಳು.

"ಹುಡುಗಿ ಹೆಸರರೆ ಬರದೀನಿ ಅನ್ಕೊಂಡಿದ್ದೆ," ಅಂದರು. "ಅದೂ ಹಿಡಕೊಂಡು ಹೋದವರದ ಆತು."

ಅದಾಗಿ ಎರಡು ವರ್ಷವಾಯಿತು. ಆಕೆ ಬರುವುದು ನಿಂತಿಲ್ಲ. ಪಾಟೀಲರೂ ಈಗ ತಿರುಗಿ ನೋಡುವುದಿಲ್ಲ. ಆಕೆ ಇರುವಷ್ಟು ಹೊತ್ತು ಕೆಲಸ ಬಿಟ್ಟು ಸುಮ್ಮನೆ ನಿಂತಿರುತ್ತಾರೆ.