ಥಣ್ಣಗಾದ ಯೂರಿಯಾ

ಗೆಳೆಯರೇ, ಇವತ್ತು ಹನುಮಸಾಗರದಾಗ ನನ್ನ ಗೊಬ್ಬರದ ಅಂಗಡಿ ಮುಂದ ಬಕೆಟ್ ಇಟ್ಕೊಂಡು ಪಂಚಾಯ್ತಿ ನಡೀತು.

ಬಕೆಟ್ ತಂದಾವ ಖಾಯಂ ಗಿರಾಕಿ ಬಸಪ್ಪ. ಗೋವಿನಜೋಳಕ್ಕ ಹೊಡಿಯಾಕಂತ ನೀರಿಗೆ ಯೂರಿಯಾ ಹಾಕ್ಯಾನ, ನೀರು ಥಣ್ಣಗಾಗೈತಿ.

“ಯೂರಿಯಾದಂಥ ಸರ್ಕಾರಿ ಗೊಬ್ಬರ ಅಂದ್ರ ಉಷ್ಣರೀ. ಥಣ್ಣಗ ಐತಿ ಅಂದ್ರ ಡೂಪ್ಲಿಕೇಟ್. ವಾಪಸ್ ತಗೋರಿ!”

ಮಂದಿ ಮುಂದ ಹಿಂಗಂದ್ರ ನಾ ಅಂಗಡಿಗೆ ಕೀಲಿ ಹಾಕಬೇಕಾಕೈತಿ.

“ಸುಟ್ಟ ಸುಣ್ಣದ ಕಲ್ಲಿಗೆ ನೀರು ಹಾಕಿದ್ರ ಕುದಿತೈತಿಲ್ಲೋ ಬಸಪ್ಪಾ? ಅದು ಬಿಸಿ ಹೊರಗ ಬಿಡ್ತೈತಿ. ಯೂರಿಯಾ ಕರಗುವಾಗ ನೀರಿನ ಬಿಸಿ ಎಳ್ಕೊಂತೈತಿ,” ಅಂದೆ. ನಂಬಲಿಲ್ಲ. ಬ್ಯಾರೆ ಕಂಪನಿ ಚೀಲ ಬಿಚ್ಚಿ, ಇನ್ನೊಂದು ಬಕೆಟ್‌ನಾಗ ಕರಗಿಸಿ ತೋರಿಸಿದೆ. ಅದೂ ಥಣ್ಣಗಾತು.

ಬಸಪ್ಪ ಕೈ ಅದ್ದಿ ನೋಡಿ, “ಹಂಗಾರ ಎರಡೂ ಡೂಪ್ಲಿಕೇಟ್,” ಅಂದ.

ಇಬ್ರೂ ಕಾದ ಹಂಚಿನಂಗ ಆಗಿದ್ವಿ. ಅಷ್ಟರಾಗ ಅವನ ಹೆಂಡತಿ ಗಂಗಮ್ಮ, ಎರಡನೇ ಬಕೆಟ್‌ನಾಗ ಯಾವಾಗೋ ಇಟ್ಟಿದ್ದ ಮಜ್ಜಿಗಿ ಬಾಟ್ಲಿ ತೆಗೆದು, ಒರೆಸಿ, ಗಂಡನ ಕೈಗೆ ಕೊಟ್ಲು. ಅವ ಗಟಗಟ ಕುಡಿದ.

ಆಕಿ ನನ್ನ ಕಡೆ ತಿರುಗಿ, “ಅಣ್ಣಾರ, ವಾಪಸ್ ಬ್ಯಾಡ. ಇನ್ನೊಂದು ಚೀಲ ಕೊಡ್ರಿ. ಮನ್ಯಾಗ ಫ್ರಿಜ್ ಕೆಟ್ಟೈತಿ,” ಅಂದ್ಲು.

ಇಷ್ಟು ವರ್ಷ ಗೊಬ್ಬರ ಮಾರೀನಿ. ಫ್ರಿಜ್ ಮಾರಿದ್ದು ಇವತ್ತ ಮೊದಲು.